ಅಕ್ಷರದ ಅಳತೆ: ಕಲಿಕಾ ವಿಜ್ಞಾನ ಮತ್ತು ಕನ್ನಡದ ಆರಂಭಿಕ ಓದು

ಮನುಷ್ಯನ ಸ್ಮೃತಿ, ಗಮನ, ಅಭ್ಯಾಸಗಳನ್ನು ಪ್ರಯೋಗಗಳ ಮೂಲಕ ಪರಿಶೀಲಿಸಿ ಕಲಿಕೆಯ ಸ್ವರೂಪವನ್ನು ವಿವರಿಸುವ ಅಧ್ಯಯನಗಳನ್ನು ಕಲಿಕಾ ವಿಜ್ಞಾನವೆಂಬ ಒಂದೇ ಹೆಸರಿನಡಿ ಗುರುತಿಸುವುದು ಇಂದಿನ ರೂಢಿ. ಈ ಅಧ್ಯಯನಗಳ ಫಲಿತಗಳು ತರಗತಿಯನ್ನು ತಲುಪಬೇಕೆಂಬ ವಿಷಯದಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಭಿನ್ನಾಭಿಪ್ರಾಯ ಇರಬೇಕಾದದ್ದು ಅವು ತಲುಪುವ ದಾರಿಯ ಬಗ್ಗೆ. ಪ್ರಯೋಗಾಲಯದಲ್ಲಿ ದೊರೆತ ಫಲಿತವೊಂದು ಸಮೀಕ್ಷಾ ಲೇಖನಕ್ಕೆ, ಅಲ್ಲಿಂದ ತರಬೇತಿಯ ಕೈಪಿಡಿಗೆ, ಕೈಪಿಡಿಯಿಂದ ಸುತ್ತೋಲೆಗೆ, ಸುತ್ತೋಲೆಯಿಂದ ಶಿಕ್ಷಕರ ಪಾಠಯೋಜನೆಗೆ ಇಳಿದು ಬರುವಷ್ಟರಲ್ಲಿ, ಅದು ಯಾರನ್ನು, ಯಾವ ಭಾಷೆಯಲ್ಲಿ, ಯಾವ ವಿಷಯವನ್ನಿಟ್ಟುಕೊಂಡು ಪರೀಕ್ಷಿಸಿದ ಫಲವೆಂಬ ಸಂಗತಿ ಕಳಚಿಹೋಗಿರುತ್ತದೆ. ಕೊನೆಗೆ ಶಿಕ್ಷಕರ ಕೈಗೆ ಸಿಗುವುದು ಒಂದು ಘೋಷಣೆ.

ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಇದಕ್ಕೆ ನಿದರ್ಶನವಾಗಿ ನೋಡಬಹುದು. ಅಮೆರಿಕದ ಕಾಲೇಜು ವಿದ್ಯಾರ್ಥಿಗಳು ಚಿಕ್ಕ ಗದ್ಯಭಾಗಗಳನ್ನು ಓದಿದರು. ಒಂದು ಬಾರಿ ಅದನ್ನೇ ಮತ್ತೆ ಓದಿದರು. ಇನ್ನೊಂದು ಬಾರಿ ಓದಿದ್ದನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮರುಓದಿನದೇ ಮೇಲುಗೈ: ಶೇ. 81ಕ್ಕೆ ಪ್ರತಿಯಾಗಿ ಶೇ. 75. ಒಂದು ವಾರದ ನಂತರ ಚಿತ್ರ ತಿರುಗುಮುರುಗಾಯಿತು. ಮರುಓದಿನಿಂದ ಉಳಿದದ್ದು ಶೇ. 42, ನೆನಪಿನಿಂದ ಬರೆದದ್ದರಲ್ಲಿ ಉಳಿದದ್ದು ಶೇ. 56. ಈ ಫಲಿತ ಗಟ್ಟಿಯಾದದ್ದು. ಬೇರೆ ಬೇರೆ ಸಂದರ್ಭಗಳಲ್ಲಿ ಮತ್ತೆ ಮತ್ತೆ ದೃಢಪಟ್ಟದ್ದು. ಆದರೆ ತರಬೇತಿಯ ಮಾತಿನಲ್ಲಿ ಇದು ‘ಹೆಚ್ಚು ಪರೀಕ್ಷೆ ಮಾಡಿ’ ಎಂಬ ಸಲಹೆಯಾಗಿ ಸುಲಭವಾಗಿ ಕುಗ್ಗುತ್ತದೆ. ಮೂಲ ಪ್ರಯೋಗದಲ್ಲಿ ದರ್ಜೆಯಿರಲಿಲ್ಲ, ಹೋಲಿಕೆಯಿರಲಿಲ್ಲ. ಪ್ರತಿಯೊಬ್ಬನೂ ತನ್ನ ನೆನಪಿನಿಂದ ತಾನೇ ಹೊರತೆಗೆಯಬೇಕಾಗಿದ್ದ ಶ್ರಮವೊಂದೇ ಅಲ್ಲಿ ಮುಖ್ಯವಾಗಿತ್ತು. ನಲವತ್ತು ಮಕ್ಕಳು ಒಕ್ಕೊರಲಿನಿಂದ ಕಾಗುಣಿತ ಹೇಳುವ ತರಗತಿಯಲ್ಲಿ ಈ ಶ್ರಮ ಎಷ್ಟು ಮಕ್ಕಳಿಂದ ನಡೆಯುತ್ತಿದೆ, ಎಷ್ಟು ಮಕ್ಕಳು ಪಕ್ಕದ ದನಿಯನ್ನು ಅರೆಕ್ಷಣ ತಡವಾಗಿ ಹಿಂಬಾಲಿಸುತ್ತಿದ್ದಾರೆ ಎಂದು ಕೇಳುವುದೇ ಆ ಸಂಶೋಧನೆಯ ನಿಜವಾದ ಅನ್ವಯ. ಆ ಪ್ರಶ್ನೆ ಕೈಪಿಡಿಗಳಲ್ಲಿ ಅಪರೂಪ.

ಇದಕ್ಕಿಂತ ಆಳವಾದ ಕೊರತೆ ಇನ್ನೊಂದಿದೆ. ಸ್ಮೃತಿ ಮತ್ತು ಅಭ್ಯಾಸದ ನಿಯಮಗಳು ಎಲ್ಲ ಭಾಷೆಗಳಿಗೂ ಸಮಾನವೆಂದು ಒಪ್ಪಿದರೂ ಮಗು ಏನನ್ನು ನೆನಪಿಡಬೇಕು, ಎಷ್ಟನ್ನು ನೆನಪಿಡಬೇಕು ಎಂಬುದು ಭಾಷೆಯಿಂದ ಭಾಷೆಗೆ, ಲಿಪಿಯಿಂದ ಲಿಪಿಗೆ ಬದಲಾಗುತ್ತದೆ. ಓದು ಕಲಿಯುವುದರ ಬಗೆಗಿನ ಸಂಶೋಧನೆಯ ಬಹುಭಾಗ ಇಂಗ್ಲಿಷನ್ನು ಕುರಿತದ್ದು. ಅಮೆರಿಕದ ರಾಷ್ಟ್ರೀಯ ವಾಚನ ಮಂಡಳಿ 2000ದಲ್ಲಿ ನೀಡಿದ ವರದಿ, ಮಾತನ್ನು ಒಂಟಿ ಧ್ವನಿಮಾಗಳಾಗಿ ಬಿಡಿಸುವ ಪ್ರಜ್ಞೆಗೂ ಧ್ವನಿ ಮತ್ತು ಲಿಪಿಚಿಹ್ನೆಗಳ ಸಂಬಂಧವನ್ನು ಕ್ರಮವಾಗಿ ಕಲಿಸುವುದಕ್ಕೂ ಪ್ರಮುಖ ಸ್ಥಾನ ಕೊಟ್ಟಿತು. ಇಪ್ಪತ್ತಾರು ಚಿಹ್ನೆಗಳಿರುವ, ಪ್ರತಿ ಚಿಹ್ನೆಯೂ ಧ್ವನಿಮಾವೊಂದನ್ನು ಸೂಚಿಸಲು ಹೆಣಗುವ ಲಿಪಿಗೆ ಆ ನಿರ್ಣಯ ಸಹಜವಾಗಿಯೇ ಹೊಂದುತ್ತದೆ. ಕನ್ನಡದ ಸ್ಥಿತಿ ಬೇರೆ. ‘ಕಿ’ ಎಂಬುದು ಕನ್ನಡದ ಮಗುವಿಗೆ ಒಂದೇ ಅಕ್ಷರ. ಕಿವಿಗೆ ಒಂದೇ ಉಚ್ಚಾರದ ಘಟಕ. ಅದರೊಳಗೆ ಕಕಾರವೂ ಇಕಾರವೂ ಬೇರೆ ಬೇರೆಯಾಗಿವೆ ಎಂಬ ಅರಿವು ಓದು ಬರುವುದಕ್ಕೆ ಮೊದಲು ಬೇಕೇ, ಅಥವಾ ಓದುತ್ತಾ ಓದುತ್ತಾ ಬರುವುದೇ?

ಈ ಪ್ರಶ್ನೆಯನ್ನು ಕನ್ನಡದ ನೆಲದಲ್ಲಿಯೇ ಎತ್ತಿದವರಿದ್ದಾರೆ. ಪ್ರತಿಭಾ ಕಾರಂತ, ಪಿ. ಪ್ರಕಾಶ್ ಮತ್ತು ಅವರ ಸಹಸಂಶೋಧಕರು 1993ರಲ್ಲಿ ಪ್ರಕಟಿಸಿದ ಅಧ್ಯಯನ, ಕನ್ನಡವನ್ನು ಚೆನ್ನಾಗಿ ಓದಬಲ್ಲವರೂ ಧ್ವನಿಮಾಗಳನ್ನು ಬಿಡಿಸುವ ಕೆಲಸದಲ್ಲಿ ಹಿಂದುಳಿಯಬಹುದೆಂಬುದನ್ನು ಎತ್ತಿ ತೋರಿಸಿತು. ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಇನ್ನಷ್ಟು ವಿಸ್ತರಿಸಿ, ಪ್ರಾಥಮಿಕ ಶಾಲೆಯ ಮಕ್ಕಳ ಅಕ್ಷರಜ್ಞಾನ ಯಾವ ವೇಗದಲ್ಲಿ ಬೆಳೆಯುತ್ತದೆಂಬುದನ್ನು ಅಳೆಯಿತು. ಅದರ ಮುಖ್ಯ ನಿರ್ಣಯಗಳು ಎರಡು. ಇಂಗ್ಲಿಷಿನಂತಹ ಭಾಷೆಗಳಲ್ಲಿ ಶಾಲೆಯ ಮೊದಲ ವರ್ಷಗಳಲ್ಲಿಯೇ ಮುಗಿಯುವ ಲಿಪಿಚಿಹ್ನೆಗಳ ಕಲಿಕೆ ಕನ್ನಡದಲ್ಲಿ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆ. ಧ್ವನಿಮಾಗಳ ಅರಿವು ಕನ್ನಡದ ಮಕ್ಕಳಲ್ಲಿ ನಿಧಾನವಾಗಿ, ಅಕ್ಷರಜ್ಞಾನದೊಡನೆ ಹೆಣೆದುಕೊಂಡು ಮೂಡುತ್ತದೆ. ಅವರು ಮ್ಯಾಗಿ ಸ್ನೋಲಿಂಗ್ ಜೊತೆಗೂಡಿ 2012ರಲ್ಲಿ ಪ್ರಕಟಿಸಿದ ಲೇಖನ ಧ್ವನಿಮಾಪ್ರಜ್ಞೆಗೂ ಕನ್ನಡದ ಓದಿನಲ್ಲಿ ಪಾಲಿದೆಯೆಂದು ತೋರಿಸಿತು. ಆದ್ದರಿಂದ ಇಂಗ್ಲಿಷಿನ ಸಂಶೋಧನೆ ಕನ್ನಡಕ್ಕೆ ಸಲ್ಲದೆಂಬ ಸರಳ ತೀರ್ಮಾನಕ್ಕೂ ಇಲ್ಲಿ ಅವಕಾಶವಿಲ್ಲ. ಬದಲಾಗುವುದು ಕ್ರಮ ಮತ್ತು ಕಾಲಾವಧಿ. ತರಗತಿಯ ವ್ಯವಸ್ಥೆಗೆ ಬೇಕಾಗಿರುವುದೂ ಅವೇ ಎರಡು.

ನಾಲ್ಕು ವರ್ಷ ಏಕೆ ಬೇಕೆಂಬುದಕ್ಕೆ ಲಿಪಿಯೇ ಸಾಕ್ಷಿ. ವರ್ಣಮಾಲೆಯ 49 ಅಕ್ಷರಗಳು ಕೇವಲ ಹೊಸ್ತಿಲು. 34 ವ್ಯಂಜನಗಳು 13 ಸ್ವರಗಳೊಡನೆ ಕೂಡಿದಾಗ ಕಾಗುಣಿತದ ರೂಪಗಳು ನಾನೂರನ್ನು ಮೀರುತ್ತವೆ; ಒತ್ತಕ್ಷರಗಳನ್ನು ಸೇರಿಸಿದರೆ ಎಣಿಕೆ ಇನ್ನೂ ಬೆಳೆಯುತ್ತದೆ. ಇವೆಲ್ಲವನ್ನೂ ಬಿಡಿಬಿಡಿಯಾಗಿ ನೆನಪಿಡಬೇಕಿಲ್ಲ, ಮೂಲಾಕ್ಷರ ಮತ್ತು ಸ್ವರಚಿಹ್ನೆಗಳ ಜೋಡಣೆಯ ನಿಯಮ ತಿಳಿದರೆ ಸಾಕು ಎನ್ನುವುದು ವಯಸ್ಕರ ವಾದ. ಆದರೆ ನಿಯಮ ಎಲ್ಲೆಡೆ ಒಂದೇ ರೀತಿ ಕಾಣಿಸುವುದಿಲ್ಲ. ‘ಕು’, ‘ತು’ಗಳಲ್ಲಿ ಬಲಬದಿಗೆ ನಿಲ್ಲುವ ಕೊಂಬು ‘ಪು’, ‘ವು’ಗಳಲ್ಲಿ ಕೆಳಗಿನಿಂದ ಹೊರಡುತ್ತದೆ. ಹಾಗೆ ಹೊರಡದಿದ್ದರೆ ‘ವು’ ಎಂಬುದು ‘ಮ’ ಆಗಿಬಿಡುತ್ತದೆ. ‘ಪ’, ‘ಷ’, ‘ಫ’ಗಳ ನಡುವೆ, ‘ದ’, ‘ಧ’, ‘ಥ’ಗಳ ನಡುವೆ ಇರುವ ವ್ಯತ್ಯಾಸ ಒಂದು ಗೆರೆ, ಒಂದು ಚುಕ್ಕೆ. ‘ಶಕ್ತಿ’ ಎಂಬಲ್ಲಿ ಗುಡಿಸು ಕಕಾರದ ತಲೆಯ ಮೇಲಿದೆ. ಕಿವಿಗೆ ಇಕಾರ ಕೇಳುವುದು ತಕಾರದ ನಂತರ. ‘ವರ್ಷ’ದಲ್ಲಿ ಮೊದಲು ಕೇಳುವ ರಕಾರ ಬರೆಹದಲ್ಲಿ ಷಕಾರದ ಆಚೆಗೆ ಅರ್ಕಾವೊತ್ತಾಗಿ ಕುಳಿತಿರುತ್ತದೆ. ತ, ನ, ಮ, ಯ, ರ, ಲಗಳ ಒತ್ತುಗಳಿಗೂ ಅವುಗಳ ಮೂಲರೂಪಗಳಿಗೂ ಆಕಾರದಲ್ಲಿ ಹೋಲಿಕೆಯೇ ಇಲ್ಲ. ಕಣ್ಣು ಕಾಣುವ ಕ್ರಮವೊಂದು, ಕಿವಿ ಕೇಳುವ ಕ್ರಮವೊಂದು. ಇವೆರಡನ್ನೂ ಹೊಂದಿಸುವ ಕೆಲಸ ಏಳೆಂಟು ವರ್ಷದ ಮಗುವಿನದು.

ಕೂಲಿ ಮಠದ ಕಾಲದಿಂದ ಬಂದ ಕಾಗುಣಿತದ ಪಠನವನ್ನು ಅರ್ಥಹೀನ ಬಾಯಿಪಾಠವೆಂದು ತಳ್ಳಿಹಾಕುವುದು ಆಧುನಿಕ ಶಿಕ್ಷಣ ಚಿಂತನೆಯ ಅಭ್ಯಾಸಗಳಲ್ಲೊಂದು. ಆದರೆ ತಲೆಕಟ್ಟು, ಇಳಿ, ಗುಡಿಸು, ಕೊಂಬು, ಏತ್ವ, ಐತ್ವ ಎಂದು ಪ್ರತಿ ಚಿಹ್ನೆಗೂ ಹೆಸರಿಟ್ಟು, ಆ ಹೆಸರನ್ನು ಉಚ್ಚರಿಸುತ್ತಲೇ ಅಕ್ಷರವನ್ನು ತಿದ್ದಿಸುತ್ತಿದ್ದ ಆ ಕ್ರಮ ಅಕ್ಷರ ಒಡೆಯಬಹುದಾದ ವಸ್ತುವೆಂಬುದನ್ನು ಮಗುವಿಗೆ ತಿಳಿಸುತ್ತಿತ್ತು. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಅದು ಲಿಪಿಯ ರಚನೆಯನ್ನು ನೇರವಾಗಿ ಬೋಧಿಸುವ ವಿಧಾನ. ಅದರ ದೋಷ ಪಠನದಲ್ಲಿರಲಿಲ್ಲ; ಪಠಿಸಿದ್ದನ್ನು ಪದಗಳಿಗೆ, ಅರ್ಥಕ್ಕೆ ಕೊಂಡೊಯ್ಯುವುದು ತಡವಾಗುತ್ತಿದ್ದುದರಲ್ಲಿತ್ತು.

ಆ ದೋಷಕ್ಕೆ ಕರ್ನಾಟಕದ ಶಾಲೆಗಳು ಕಂಡುಕೊಂಡ ಉತ್ತರ ಸ್ವಾರಸ್ಯಕರವಾದದ್ದು. ‘ಅ ಆ ಇ ಈ’ ಎಂಬ ಶಾಸ್ತ್ರೀಯ ಕ್ರಮವನ್ನು ಬಿಟ್ಟು ‘ರ ಗ ಸ ದ ಅ’ ಎಂದು ಆರಂಭಿಸುವ ಪಾಠಕ್ರಮ ಬಂದಾಗ ಅದನ್ನು ಸಂಪ್ರದಾಯಭಂಗವೆಂದು ಕಂಡವರಿದ್ದರು. ಆದರೆ ಈ ಐದೇ ಅಕ್ಷರಗಳಿಂದ ಸರ, ರಸ, ದರ, ಅರಸ, ಅಗಸ, ಗರಗಸ ಎಂಬ ಪದಗಳು ಹುಟ್ಟುತ್ತವೆ. ಸ್ವರಗಳನ್ನೆಲ್ಲ ಸಾಲಾಗಿ ಕಲಿತ ಮಗುವಿಗೆ ಹದಿಮೂರು ಅಕ್ಷರ ಬಂದ ಮೇಲೂ ಓದಲು ಪದಗಳು ಸಿಗುವುದು ಕಷ್ಟ. ಒಂದು ಹೊತ್ತಿಗೆ ಮನಸ್ಸು ಹಿಡಿದಿಡಬಲ್ಲ ಹೊರೆಗೆ ಮಿತಿಯಿದೆಯೆಂದು ಜಾನ್ ಸ್ವೆಲ್ಲರ್ 1988ರಿಂದ ಪ್ರತಿಪಾದಿಸುತ್ತ ಬಂದ ವಿಚಾರಕ್ಕೆ ಇದಕ್ಕಿಂತ ಒಳ್ಳೆಯ ಕನ್ನಡ ಉದಾಹರಣೆ ಸಿಗಲಾರದು.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿಯೂ ಇದೇ ಬಗೆಯ ವಿವೇಕವನ್ನು ಹೊತ್ತು ಬಂದಿತು. ಆಂಧ್ರಪ್ರದೇಶದ ಋಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು ಪಠ್ಯವನ್ನು ಸಣ್ಣ ಕಾರ್ಡುಗಳಾಗಿ ಒಡೆದು, ಕಲಿಕಾ ಏಣಿಯ ಮೇಲೆ ಜೋಡಿಸಿ, ಪ್ರತಿ ಮಗುವೂ ತನ್ನ ವೇಗದಲ್ಲಿ ಮೈಲಿಗಲ್ಲುಗಳನ್ನು ದಾಟುವಂತೆ ಮಾಡಿದರು. ಒಂದೇ ಕೋಣೆಯಲ್ಲಿ ಹಲವು ತರಗತಿಯ ಮಕ್ಕಳಿರುವ ಶಾಲೆಗೆ ಇದು ಅನಿವಾರ್ಯ ಉಪಾಯವೂ ಆಗಿತ್ತು. 2009-10ರಲ್ಲಿ ಈ ಪದ್ಧತಿ ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳಿಗೆ ವಿಸ್ತರಿಸಿತು. ವಿಸ್ತರಣೆಯೊಡನೆ ಕಾರ್ಡುಗಳು ಶಿಕ್ಷಕರ ಕೈಬರೆಹದ ಬದಲು ಮುದ್ರಿತ ಪೆಟ್ಟಿಗೆಗಳಾಗಿ ಬಂದವು. ಕಾರ್ಡನ್ನು ತಿದ್ದಬಲ್ಲ ಶಿಕ್ಷಕ ಕಾರ್ಡನ್ನು ಹಂಚುವ ಶಿಕ್ಷಕನಾದದ್ದು ಸಣ್ಣ ಬದಲಾವಣೆಯಲ್ಲ. ಇದರ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ಇಲ್ಲಿ ಗಮನಿಸಬೇಕಾದದ್ದು ಅಷ್ಟಾಗಿ ಚರ್ಚೆಯಾಗದ ಇನ್ನೊಂದು ಅಂಶ.

ನಲಿ-ಕಲಿಯ ಏಣಿ ಮೂರನೆಯ ತರಗತಿಗೆ ಮುಗಿಯುತ್ತದೆ. ನಾಲ್ಕನೆಯ ತರಗತಿಯಲ್ಲಿ ಮಗು ಪಠ್ಯಪುಸ್ತಕದ ಎದುರು ಕೂರುತ್ತದೆ. ಅಲ್ಲಿ ಭಾಷೆಯ ಪಾಠವಷ್ಟೇ ಅಲ್ಲ, ಪರಿಸರ ಅಧ್ಯಯನವೂ ಓದಿನ ಮೂಲಕವೇ ಬರಬೇಕು. ಅಕ್ಷರಜ್ಞಾನ ಮುಗಿದಿದೆ, ಇನ್ನು ಓದಿ ಕಲಿಯುವ ಕಾಲವೆಂಬುದು ಈ ವಿಭಜನೆಯ ಹಿಂದಿರುವ ನಂಬಿಕೆ. ಇಂಗ್ಲಿಷ್ ಶಿಕ್ಷಣ ಚಿಂತನೆಯಲ್ಲಿ ಮೂರನೆಯ ತರಗತಿಯನ್ನು ಈ ತಿರುವೆಂದು ಗುರುತಿಸುವ ವಾಡಿಕೆಯಿದೆ. 2021ರ ಜುಲೈಯಲ್ಲಿ ಆರಂಭವಾದ ನಿಪುಣ್ ಭಾರತ್ ಅಭಿಯಾನವೂ ಬುನಾದಿ ಸಾಕ್ಷರತೆಗೆ ಮೂರನೆಯ ತರಗತಿಯನ್ನೇ ಗಡಿಯಾಗಿಸಿತು. ಆದರೆ ಕನ್ನಡದ ಮಕ್ಕಳನ್ನೇ ಪರೀಕ್ಷಿಸಿ ಪಡೆದ ಫಲಿತ ಅಕ್ಷರಗಳ ಕಲಿಕೆ ನಾಲ್ಕನೆಯ ತರಗತಿಯಲ್ಲೂ ನಡೆಯುತ್ತಿರುತ್ತದೆ ಎನ್ನುತ್ತದೆ. ಅಂದರೆ ಲಿಪಿಯ ಅತ್ಯಂತ ಕಠಿಣ ಭಾಗ ಇನ್ನೂ ಬಾಕಿಯಿರುವಾಗಲೇ ಏಣಿಯನ್ನು ತೆಗೆದುಬಿಡಲಾಗುತ್ತದೆ. ಸಂಶೋಧನೆ ಮತ್ತು ವ್ಯವಸ್ಥೆಗಳ ನಡುವಿನ ಬಿರುಕು ಇಷ್ಟು ನಿಖರವಾಗಿ ತೋರುವ ಸ್ಥಳ ಬೇರೊಂದಿಲ್ಲ. ಓದಲು ಬಾರದ ಮಗುವೆಂಬ ಹಣೆಪಟ್ಟಿ ಬೀಳುವುದೂ ಇಲ್ಲಿಯೇ. ಆ ಪಟ್ಟಿ ಬಿದ್ದ ಮಗುವಿನ ಮುಂದಿನ ಶಾಲಾಜೀವನ ಹೇಗಿರುತ್ತದೆಂಬುದನ್ನು ಬೇರೆ ಹೇಳಬೇಕಿಲ್ಲ.

ಅಳೆಯುವ ಸಾಧನಗಳೂ ಈ ದೃಷ್ಟಿಯಿಂದ ಪರಿಶೀಲನೆಗೆ ಅರ್ಹ. ಪ್ರಥಮ್ ಸಂಸ್ಥೆಯ ನೆರವಿನಿಂದ 2005ರಲ್ಲಿ ಆರಂಭವಾದ ಅಸರ್ ಸಮೀಕ್ಷೆ ಮಗುವಿನ ಓದನ್ನು ಅಕ್ಷರ, ಪದ, ಒಂದನೆಯ ತರಗತಿಯ ಪಠ್ಯ, ಎರಡನೆಯ ತರಗತಿಯ ಪಠ್ಯ ಎಂಬ ಮೆಟ್ಟಿಲುಗಳಲ್ಲಿ ಅಳೆಯುತ್ತದೆ. ಮಕ್ಕಳು ಶಾಲೆಯಲ್ಲಿದ್ದೂ ಓದಲು ಕಲಿಯುತ್ತಿಲ್ಲವೆಂಬ ಸತ್ಯವನ್ನು ದೇಶದ ಮುಂದಿಟ್ಟ ಶ್ರೇಯಸ್ಸು ಅದಕ್ಕೆ ಸಲ್ಲಬೇಕು. ಸರಳತೆಯೇ ಅದರ ಬಲ. ಆದರೆ ಕನ್ನಡದಲ್ಲಿ ‘ಅಕ್ಷರ’ ಮತ್ತು ‘ಪದ’ ಎಂಬ ಎರಡು ಮೆಟ್ಟಿಲುಗಳ ನಡುವೆ ಇಡೀ ಕಾಗುಣಿತ ಹುದುಗಿದೆ. ‘ಪದ’ ಮತ್ತು ‘ಪಠ್ಯ’ಗಳ ನಡುವೆ ಒತ್ತಕ್ಷರಗಳ ಲೋಕವಿದೆ. ಮಗು ಪದ ಓದಲಿಲ್ಲವೆಂದು ಸಮೀಕ್ಷೆ ಹೇಳಬಲ್ಲದು. ಗುಡಿಸು ಬಾರದೆಯೋ, ಕೊಂಬು ಬಾರದೆಯೋ ಎಂದು ಹೇಳುವುದು ಅದರ ಉದ್ದೇಶವಲ್ಲ. ರಾಜ್ಯದ ಚಿತ್ರ ಬರೆಯಲು ರೂಪಿಸಿದ ಆ ಮೆಟ್ಟಿಲುಗಳನ್ನೇ ತರಗತಿಯೊಳಗೆ ಮಕ್ಕಳನ್ನು ಗುಂಪು ಮಾಡಲು ಬಳಸಿದಾಗ, ಬೇರೆ ಬೇರೆ ಕಾರಣಗಳಿಗೆ ತಡವರಿಸುವ ಮಕ್ಕಳು ಒಂದೇ ಗುಂಪಿನಲ್ಲಿ ಕೂರುತ್ತಾರೆ.

ಓದಿನ ವೇಗದ ಮಾತೂ ಹೀಗೆಯೇ. ನಿಪುಣ್ ಭಾರತದ ಮಾರ್ಗಸೂಚಿ ಎರಡನೆಯ ತರಗತಿಗೆ ನಿಮಿಷಕ್ಕೆ 45ರಿಂದ 60 ಪದ, ಮೂರನೆಯ ತರಗತಿಗೆ ಕನಿಷ್ಠ 60 ಪದ ಎಂದು ಗುರಿ ನೀಡಿತು. ‘ಹೋಗಬೇಕಾಗಿತ್ತೆಂದು’ ಎಂಬುದು ಕನ್ನಡದಲ್ಲಿ ಒಂದು ಪದ. ಅದೇ ಅರ್ಥಕ್ಕೆ ಇಂಗ್ಲಿಷಿನಲ್ಲಿ ನಾಲ್ಕೈದು ಪದಗಳು ಬೇಕು, ಹಿಂದಿಯಲ್ಲಿಯೂ ಒಂದಕ್ಕಿಂತ ಹೆಚ್ಚು. ಪ್ರತ್ಯಯಗಳನ್ನು ಪದದೊಳಕ್ಕೆ ಸೇರಿಸಿಕೊಳ್ಳುವ ಭಾಷೆಯನ್ನು ಪದದ ಎಣಿಕೆಯಿಂದ ಅಳೆಯುವುದು ಸೇರಿನಿಂದ ಬಟ್ಟೆ ಅಳೆದಂತೆ. 2022ರ ಮಾರ್ಚಿಯಲ್ಲಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿ ನಡೆಸಿದ ಬುನಾದಿ ಕಲಿಕೆಯ ಅಧ್ಯಯನ ಇಪ್ಪತ್ತು ಭಾಷೆಗಳಿಗೆ ಪ್ರತ್ಯೇಕ ಮಾನದಂಡಗಳನ್ನು ನಿಗದಿಪಡಿಸಲು ಹೊರಟದ್ದು ಈ ತಪ್ಪನ್ನು ಗುರುತಿಸಿದ ಲಕ್ಷಣ. ಆದರೂ ಅಳತೆಯ ಮಾನ ಪದವಾಗಿಯೇ ಉಳಿಯಿತು.

ತಂತ್ರಜ್ಞಾನದ ಕಡೆಗೆ ತಿರುಗಿದರೆ ಉತ್ಸಾಹಕ್ಕೂ ಫಲಕ್ಕೂ ಇರುವ ಅಂತರ ಇನ್ನಷ್ಟು ಸ್ಪಷ್ಟವಾಗುತ್ತದೆ. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟೆಯಿಂದ ಹಾರಿದ ಎಜುಸ್ಯಾಟ್ ಉಪಗ್ರಹದ ಪಾಠಗಳು ಮೊದಲು ತಲುಪಿದ ಪ್ರಾಥಮಿಕ ಶಾಲೆಗಳಲ್ಲಿ ಚಾಮರಾಜನಗರ ಜಿಲ್ಲೆಯವೂ ಸೇರಿದ್ದವು. ದೂರದ ಶಾಲೆಗೂ ಒಳ್ಳೆಯ ಶಿಕ್ಷಕರ ಪಾಠ ದೊರೆಯಬೇಕೆಂಬ ಆಶಯ ಸ್ತುತ್ಯವೇ. ಆದರೆ ಆಕಾಶದಿಂದ ಬರುವ ಪಾಠ ಎಲ್ಲ ಶಾಲೆಗೂ ಒಂದೇ ಹೊತ್ತಿಗೆ, ಒಂದೇ ವೇಗದಲ್ಲಿ ಬರುತ್ತದೆ. ನಲಿ-ಕಲಿ ಯಾವ ಸಮಸ್ಯೆಯನ್ನು ಬಿಡಿಸಲು ಹುಟ್ಟಿತೋ ಅದೇ ಸಮಸ್ಯೆಯನ್ನು ಈ ಮಾಧ್ಯಮ ದೊಡ್ಡದು ಮಾಡಿತೆಂದರೆ ತಪ್ಪಾಗದು.

ಇದಕ್ಕೆ ವಿರುದ್ಧವಾದ ಸಾಕ್ಷ್ಯ ದೆಹಲಿಯಿಂದ ಬಂದಿದೆ. ಕಾರ್ತಿಕ್ ಮುರಳೀಧರನ್, ಅಭಿಜೀತ್ ಸಿಂಗ್ ಮತ್ತು ಅಲೆಹಾಂದ್ರೊ ಗನಿಮಿಯನ್ 2015ರಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 619 ವಿದ್ಯಾರ್ಥಿಗಳ ಪೈಕಿ ಚೀಟಿ ಎತ್ತಿ ಆಯ್ದವರಿಗೆ ಶಾಲೆಯ ಅವಧಿ ಮುಗಿದ ಮೇಲೆ ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶದ ನೆರವು ದೊರೆಯಿತು. ನಾಲ್ಕೂವರೆ ತಿಂಗಳಲ್ಲಿ ಅವರು ಗಣಿತದಲ್ಲಿ 0.37, ಹಿಂದಿಯಲ್ಲಿ 0.23 ಮಾನಕ ವಿಚಲನೆಯಷ್ಟು ಮುಂದೆ ಹೋದರು. ಈ ಅಂಕಿಗಳನ್ನು ಗಣಕಯಂತ್ರದ ವಿಜಯವೆಂದು ಓದುವುದು ಸುಲಭ. ಅಧ್ಯಯನ ಹೇಳುವುದು ಬೇರೆ. ತರಗತಿಯ ಪಠ್ಯಕ್ಕಿಂತ ಹಲವು ವರ್ಷ ಹಿಂದಿದ್ದ ಮಕ್ಕಳಿಗೆ ಆ ತಂತ್ರಾಂಶ ಅವರಿದ್ದಲ್ಲಿಂದಲೇ ಪಾಠ ಕೊಟ್ಟಿತು. ಅದಕ್ಕೂ ಮೊದಲು, 2008ರಲ್ಲಿ, ಗುಜರಾತಿನ ಜ್ಞಾನಶಾಲೆಗಳಲ್ಲಿ ಲೀ ಲಿಂಡನ್ ನಡೆಸಿದ ಅಧ್ಯಯನ ಗಣಕದ ಪಾಠ ಶಿಕ್ಷಕರ ಪಾಠದ ಜಾಗ ಕಸಿದುಕೊಂಡಾಗ ಮಕ್ಕಳ ಕಲಿಕೆ ಕುಂದಿತೆಂದೂ ಶಾಲೆಯ ಅವಧಿಯ ಹೊರಗೆ ಸೇರಿದಾಗ ಹೆಚ್ಚಿತೆಂದೂ ತೋರಿಸಿತ್ತು. ಯಂತ್ರ ಒಂದೇ, ಪಾಠ ಒಂದೇ. ಫಲ ತಿರುಗಿದ್ದು ಅದನ್ನು ಇರಿಸಿದ ಸ್ಥಳದಿಂದ.

ಮಗು ಇರುವಲ್ಲಿಂದ ಆರಂಭಿಸಬೇಕಾದರೆ ಮಗು ಎಲ್ಲಿದೆಯೆಂದು ತಿಳಿಯಬೇಕು. ಕನ್ನಡದ ಓದಿನಲ್ಲಿ ಅದನ್ನು ತಿಳಿಯಲು ಲಿಪಿಯ ನಕ್ಷೆ ಬೇಕು. ಫಿನ್ಲೆಂಡಿನ ಯುವಾಸ್ಕ್ಯುಲಾ ವಿಶ್ವವಿದ್ಯಾಲಯದಲ್ಲಿ ಹೈಕಿ ಲ್ಯುಟಿನೆನ್ ಮತ್ತು ಅವರ ಸಹಸಂಶೋಧಕರು ಓದಿನ ತೊಡಕುಳ್ಳ ಮಕ್ಕಳನ್ನು ವರ್ಷಗಟ್ಟಲೆ ಅಭ್ಯಸಿಸಿದ ಮೇಲೆ ಗ್ರಾಫೋಗೇಮ್ ಎಂಬ ಆಟ ರೂಪುಗೊಂಡಿತು. ಅದು ಫಿನ್ನಿಶ್ ಭಾಷೆಯ ಅಗತ್ಯದಿಂದ ಹುಟ್ಟಿದ್ದು. ಅಲ್ಲಿ ಒಂದು ಲಿಪಿಚಿಹ್ನೆಗೆ ಬಹುತೇಕ ಒಂದೇ ಧ್ವನಿ. ಕನ್ನಡದ ಮಕ್ಕಳಿಗೆಂದು ಮಾರುಕಟ್ಟೆಗೆ ಬರುವ ತಂತ್ರಾಂಶಗಳು ಸಾಮಾನ್ಯವಾಗಿ ಹೀಗೆ ಹುಟ್ಟುವುದಿಲ್ಲ. ಇಂಗ್ಲಿಷ್ ಅಕ್ಷರಮಾಲೆಗೆ ಮಾಡಿದ ಚೌಕಟ್ಟಿನಲ್ಲಿ ‘ಅ’ಕಾರಕ್ಕೆ ಅಗಸ, ‘ಆ’ಕಾರಕ್ಕೆ ಆನೆ ಕೂರಿಸಿ, ಬೆರಳಿನಿಂದ ತಿದ್ದಿಸಿ, ಚಪ್ಪಾಳೆಯ ಸದ್ದು ಸೇರಿಸಿದರೆ ಕೆಲಸ ಮುಗಿಯಿತು. ವರ್ಣಮಾಲೆಯ ಹೊಸ್ತಿಲಲ್ಲೇ ಅವು ನಿಂತುಬಿಡುತ್ತವೆ. ಮಗು ನಿಜಕ್ಕೂ ತಡವರಿಸುವ ಎಡೆ, ಅಂದರೆ ‘ವು’ ಮತ್ತು ‘ಮ’ಗಳ ನಡುವಿನ ಜಾಗ, ‘ಕ್ತಿ’ಯ ಗುಡಿಸು, ಅರ್ಕಾವೊತ್ತು, ಇವು ಆ ಆಟಗಳ ಕಣ್ಣಿಗೆ ಬಿದ್ದಂತಿಲ್ಲ.

ಈ ಲಿಪಿಯನ್ನು ಒಳಗಿನಿಂದ ಅರಿತ ತಂತ್ರಜ್ಞಾನವೇ ಕನ್ನಡದಲ್ಲಿಲ್ಲವೆಂದೇನಲ್ಲ. ಕೆ. ಪಿ. ರಾವ್ ರೂಪಿಸಿದ, ನುಡಿ ತಂತ್ರಾಂಶದಿಂದ ಮನೆಮಾತಾದ ಕೀಲಿಮಣೆಯಲ್ಲಿ ‘ಕ್ತಿ’ ಎಂದು ಬರೆಯಲು ಕಕಾರ, ಅರ್ಧಾಕ್ಷರದ ಕೀಲಿ, ತಕಾರ, ಇಕಾರ ಎಂಬ ಕ್ರಮದಲ್ಲಿ ಒತ್ತಬೇಕು. ಕಣ್ಣಿನ ಕ್ರಮವನ್ನು ಬದಿಗಿಟ್ಟು ಕಿವಿಯ ಕ್ರಮವನ್ನು ಅನುಸರಿಸಿದ ವಿನ್ಯಾಸವದು. ಮಗು ನಾಲ್ಕು ವರ್ಷದಲ್ಲಿ ಕಂಡುಕೊಳ್ಳಬೇಕಾದ ವಿಶ್ಲೇಷಣೆ ಪ್ರತಿ ಕನ್ನಡ ಕಚೇರಿಯ ಮೇಜಿನ ಮೇಲಿದೆ. ಕಲಿಕೆಯ ಸಾಧನವಾಗಿ ಅದರ ಸಾಧ್ಯತೆ ಇನ್ನೂ ಗಂಭೀರ ಪ್ರಯೋಗಕ್ಕಾಗಿ ಕಾದಿದೆ.

ಮಾತನ್ನು ಗುರುತಿಸಿ ಮಗುವಿನ ಓದನ್ನು ತಾನೇ ತಿದ್ದುವ ಯಂತ್ರಗಳು ಈಗ ಬರುತ್ತಿರುವುದರಿಂದ ಇನ್ನೊಂದು ಪ್ರಶ್ನೆಯನ್ನು ಮುಂದೂಡುವಂತಿಲ್ಲ. ಹಳೆಯ ಮೈಸೂರಿನ ಹಳ್ಳಿಯ ಮಗು ‘ಹಾಲು’ ಎಂಬ ಬರೆಹವನ್ನು ‘ಆಲು’ ಎಂದು ಓದಿದರೆ ಅದು ಓದಿನ ತಪ್ಪೋ, ಅಕ್ಷರವನ್ನು ಸರಿಯಾಗಿಯೇ ಗುರುತಿಸಿ ತನ್ನ ಮನೆಮಾತಿನಲ್ಲಿ ಉಚ್ಚರಿಸಿದ್ದೋ? ಅನುಭವಿ ಶಿಕ್ಷಕಿ ಈ ವ್ಯತ್ಯಾಸವನ್ನು ಕ್ಷಣದಲ್ಲಿ ಬಲ್ಲಳು. ಮಹಾಪ್ರಾಣಗಳು ಆಡುಮಾತಿನಲ್ಲಿಲ್ಲದ ಹೊರೆಯೆಂದು ಡಿ. ಎನ್. ಶಂಕರ ಭಟ್ಟರು ಎತ್ತಿದ ವಾದ ಭಾಷಾವಿಜ್ಞಾನ ಮತ್ತು ಸಾಮಾಜಿಕ ನ್ಯಾಯದ ನೆಲೆಗಳಲ್ಲಿ ಬಿರುಸಾಗಿ ಚರ್ಚೆಗೊಂಡಿತು. ಆ ವಾದವನ್ನು ಒಪ್ಪಲಿ ಬಿಡಲಿ, ‘ದ’ ಮತ್ತು ‘ಧ’ಗಳನ್ನು ತನ್ನ ಮಾತಿನಲ್ಲಿ ಬೇರ್ಪಡಿಸದ ಮಗುವಿಗೆ ಅವನ್ನು ಬರೆಹದಲ್ಲಿ ಬೇರ್ಪಡಿಸಲು ಎಷ್ಟು ತಿಂಗಳು ಹೆಚ್ಚು ಬೇಕು ಎಂಬುದು ತರಗತಿಯಲ್ಲಿ ಅಳೆದು ನೋಡಬಹುದಾದ ಸಂಗತಿ. ಮನೆಯಲ್ಲಿ ತುಳು, ಲಂಬಾಣಿ, ಉರ್ದು, ಕೊಂಕಣಿ ಆಡುವ ಮಕ್ಕಳ ವಿಷಯದಲ್ಲಿ ಈ ಅಳತೆ ಇನ್ನೂ ಅವಶ್ಯಕ.

ಇಂತಹ ಕೆಲಸಕ್ಕೆ ಉಪಗ್ರಹ ಬೇಕಿಲ್ಲ. ನಾಲ್ಕನೆಯ ತರಗತಿಯ ಕನ್ನಡ ಮತ್ತು ಪರಿಸರ ಅಧ್ಯಯನದ ಪುಸ್ತಕಗಳ ಪ್ರತಿ ಪಾಠದಲ್ಲಿ ಯಾವ ಒತ್ತಕ್ಷರಗಳು ಎಷ್ಟು ಸಲ ಬರುತ್ತವೆ, ಅವುಗಳಲ್ಲಿ ಮೂರನೆಯ ತರಗತಿಯ ಕಾರ್ಡುಗಳಲ್ಲಿ ಮಗು ಕಂಡಿರುವವು ಎಷ್ಟು, ಮೊದಲ ಬಾರಿಗೆ ಎದುರಾಗುವವು ಎಷ್ಟು ಎಂಬ ಪಟ್ಟಿಯನ್ನು ಒಬ್ಬ ಸಂಶೋಧನ ವಿದ್ಯಾರ್ಥಿ ಕೆಲವೇ ವಾರಗಳಲ್ಲಿ ಸಿದ್ಧಪಡಿಸಬಲ್ಲ. ಆ ಪಟ್ಟಿಯನ್ನು ಕೈಯಲ್ಲಿ ಹಿಡಿದ ಶಿಕ್ಷಕಿ ಜೂನ್ ತಿಂಗಳ ಮೊದಲ ವಾರದಲ್ಲಿಯೇ, ಪಾಠ ತೆರೆಯುವ ಮುನ್ನ, ಯಾವ ಹತ್ತು ಅಕ್ಷರಗಳನ್ನು ಕಪ್ಪು ಹಲಗೆಯ ಮೇಲೆ ಬರೆಯಬೇಕೆಂದು ತಾನೇ ತೀರ್ಮಾನಿಸಬಲ್ಲಳು.